ನೂಲಿನ ಗಿರಣಿಯಿಂದ ನಕ್ಷತ್ರಲೋಕಕ್ಕೆ

ಕ್ರಿಸ್ತಶಕ 4999. ಬಾಹ್ಯಾಕಾಶದಲ್ಲಿ ತೇಲುವ ಕೃತಕ ಉಪಗ್ರಹದಲ್ಲಿ ಒಂದು ಕ್ರೀಡಾ ವಿಶ್ವವಿದ್ಯಾಲಯ. ‘ಕಾಸ್ಮೊ ಬ್ಯೂಟಿ’ ಎಂಬ ಪಟ್ಟಕ್ಕಾಗಿ ಅಲ್ಲಿ ಹುಡುಗಿಯರು ಓಡುತ್ತಾರೆ, ಬೀಳುತ್ತಾರೆ, ಮತ್ತೆ ಏಳುತ್ತಾರೆ. ಅವರಲ್ಲೊಬ್ಬಳು ಅಕಾರಿ ಕಾನ್‌ಜಾಕಿ. ಅಮ್ಮ ಹಿಂದೆ ಇದೇ ಪಟ್ಟ ಗೆದ್ದವಳು. ಮಗಳೋ, ಧೈರ್ಯ ಕುಂದಿದರೆ ರಟ್ಟಿನ ಡಬ್ಬದೊಳಗೆ ಹೊಕ್ಕು ಅಳುವವಳು!

ಇದು 1997ರಲ್ಲಿ ಜಪಾನಿನಲ್ಲಿ ತೆರೆಕಂಡ ‘ಬ್ಯಾಟಲ್ ಅಥ್ಲೀಟ್ಸ್’ ಎಂಬ ಅನಿಮೆ ಸರಣಿಯ ಕಥೆ. 2021ರಲ್ಲಿ ಅದು ಹೊಸ ರೂಪದಲ್ಲಿ ಮತ್ತೆ ಬಂತು. ಮೇಲ್ನೋಟಕ್ಕೆ ಮಕ್ಕಳ ಕಾರ್ಟೂನು. ಆದರೆ ಇದರ ಬೇರು ಆಕಾಶದಲ್ಲಿಲ್ಲ, ಒಸಾಕಾ ಬಳಿಯ ಕೈಜುಕಾ ಎಂಬ ಊರಿನ ಹತ್ತಿ ಗಿರಣಿಯಲ್ಲಿದೆ.

ಎರಡನೇ ಮಹಾಯುದ್ಧದ ಬಳಿಕ ಜಪಾನಿನ ಗಿರಣಿಗಳು ತಮ್ಮ ಹೆಣ್ಣುಮಕ್ಕಳಿಗಾಗಿ ವಾಲಿಬಾಲ್ ತಂಡಗಳನ್ನು ಕಟ್ಟಿದವು. ‘ನಿಚಿಬೊ’ ಕಂಪನಿಯ ಕೈಜುಕಾ ತಂಡ ಅವುಗಳಲ್ಲಿ ಹೆಸರಾದದ್ದು. ತರಬೇತುದಾರ ಹಿರೊಬುಮಿ ದೈಮತ್ಸು, ಯುದ್ಧದಲ್ಲಿ ಬರ್ಮಾ ಕಡೆ ಸೈನಿಕನಾಗಿದ್ದವರು. ಆಟಗಾರ್ತಿಯರಿಗೆ ಹಗಲು ಕಂಪನಿಯ ಕೆಲಸ, ಮಧ್ಯಾಹ್ನದ ಮೇಲೆ ಅಭ್ಯಾಸ. ಅದು ಎಷ್ಟೋ ದಿನ ನಡುರಾತ್ರಿ ದಾಟುತ್ತಿತ್ತು. ನೆಲಕ್ಕುರುಳಿ ಚೆಂಡೆತ್ತಿ, ಉರುಳಿದ ಭರದಲ್ಲೇ ಎದ್ದು ನಿಲ್ಲುವ ವರಸೆ ಅವರದೇ ಕೊಡುಗೆ. ಇದನ್ನು ಕ್ರೌರ್ಯ ಎಂದವರೂ ಇದ್ದರು. ಓದಿದಾಗ ನನಗೂ ಹಾಗೇ ಅನ್ನಿಸಿತು.

1962ರಲ್ಲಿ ಮಾಸ್ಕೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಪಾನ್ ಸೋವಿಯತ್ ತಂಡವನ್ನು ಅದರ ನೆಲದಲ್ಲೇ ಸೋಲಿಸಿತು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್‌ಗೆ ಮೊದಲ ಬಾರಿ ಸ್ಥಾನ ದೊರೆಯಿತು. ಅಕ್ಟೋಬರ್ 23ರಂದು ಅದೇ ಸೋವಿಯತ್ ತಂಡದ ಮೇಲೆ 3–0 ಗೆಲುವು, ಚಿನ್ನದ ಪದಕ. 12 ಆಟಗಾರ್ತಿಯರಲ್ಲಿ 10 ಮಂದಿ ಆ ಒಂದೇ ಗಿರಣಿಯವರು! ನಾಯಕಿ ಮಸಾಯೆ ಕಸಾಯಿಗೆ ಆಗ 31 ವರ್ಷ. ಮದುವೆಯ ಮಾತನ್ನು ಒಲಿಂಪಿಕ್ಸ್ ಮುಗಿಯುವವರೆಗೆ ಬದಿಗಿಟ್ಟಿದ್ದವರು.

ಈ ಗೆಲುವಿನ ಗುಂಗಿನಲ್ಲೇ 1968ರಲ್ಲಿ ಚಿಕಾಕೊ ಉರಾನೊ ಎಂಬ ಲೇಖಕಿ ‘ಅಟ್ಯಾಕ್ ನಂಬರ್ ಒನ್’ ಎಂಬ ಚಿತ್ರಕಥೆ ಆರಂಭಿಸಿದರು. ಮರುವರ್ಷ ಅದು ಟಿ.ವಿ.ಗೆ ಬಂದು 104 ಕಂತು ಓಡಿತು. 1973ರಲ್ಲಿ ಟೆನಿಸ್ ಹುಡುಗಿಯ ‘ಏಮ್ ಫಾರ್ ದಿ ಏಸ್’. 1988ರಲ್ಲಿ ಅದನ್ನೇ ಅಣಕಿಸಿ, ಹುಡುಗಿಯರನ್ನು ರೋಬೊ ಹತ್ತಿಸಿ ಬಾಹ್ಯಾಕಾಶಕ್ಕೆ ಕಳಿಸಿದ ‘ಗನ್‌ಬಸ್ಟರ್’. ಅಲ್ಲಿಂದ ಅಕಾರಿಯ ಉಪಗ್ರಹಕ್ಕೆ ದೂರವೇನಿಲ್ಲ. ಕಾಲ 4999ಕ್ಕೆ ಹೋದರೂ ಬೈಗುಳ, ಬೆವರು, ಕಣ್ಣೀರು ಗಿರಣಿಯವೇ.

ಇನ್ನು ನಮ್ಮ ಕಡೆ ಬರೋಣ. ಕೈಜುಕಾ ತಂಡ ಪ್ರಸಿದ್ಧಿಗೆ ಬರುತ್ತಿದ್ದ 1961ರಲ್ಲೇ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರುವಾಯಿತು. ಪಕ್ಕದ ಪೀಣ್ಯದಲ್ಲಿ ಕೈಗಾರಿಕಾ ಪ್ರದೇಶವಿನ್ನೂ ಹುಟ್ಟಿರಲಿಲ್ಲ. ಕೈಗಡಿಯಾರದ ಕೂದಲೆಳೆಯಂಥ ಭಾಗಗಳನ್ನು ಜೋಡಿಸುವ ಮೇಜುಗಳ ಮುಂದೆ ಹೆಣ್ಣುಮಕ್ಕಳೂ ಕುಳಿತರು. ವೈಟ್‌ಫೀಲ್ಡ್ ದಾರಿಯ ದೂರವಾಣಿನಗರದಲ್ಲಿದ್ದ ಐಟಿಐ ಕಾರ್ಖಾನೆಯ ಉದ್ಯೋಗಿ, ಕೆಜಿಎಫ್‌ನ ಕೆನೆತ್ ಪೊವೆಲ್ ಅದೇ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿ ಬಂದರು. ಜಪಾನಿನ ತಂತ್ರಜ್ಞಾನ, ಕಾರ್ಖಾನೆ, ಆಟ ಎಲ್ಲವೂ ಇಲ್ಲಿತ್ತು.

ಆಟಗಾರ್ತಿಯರೂ ಇದ್ದರು. ಅವರು ಕಾರ್ಖಾನೆಯಿಂದ ಬಂದವರಲ್ಲ, ಅಷ್ಟೆ. ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ ಹಾಗೂ ತಂಗಿಯರಾದ ರೀಟಾ, ಮೇ 1960ರಿಂದ 1967ರವರೆಗೆ ಮೈಸೂರು ರಾಜ್ಯಕ್ಕೆ ಏಳು ರಾಷ್ಟ್ರೀಯ ಹಾಕಿ ಪ್ರಶಸ್ತಿ ಗೆದ್ದುಕೊಟ್ಟರು. ಎಲ್ವೆರಾ 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು, ಜಪಾನ್ ವಿರುದ್ಧವೂ ಆಡಿದರು. ಆದರೆ ಮಹಿಳಾ ಹಾಕಿ ಒಲಿಂಪಿಕ್ಸ್ ಸೇರಿದ್ದು 1980ರಲ್ಲಿ. ಅಷ್ಟರಲ್ಲಿ ಅವರ ಕಾಲ ಮುಗಿದಿತ್ತು. ಕಸಾಯಿಗೆ ದೊರೆತ ವೇದಿಕೆ ಎಲ್ವೆರಾಗೆ ದೊರೆಯಲಿಲ್ಲ. ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತದ ಮಹಿಳಾ ಟೆಸ್ಟ್ ತಂಡದ ಮೊದಲ ನಾಯಕಿಯಾದರು. ಮರುವರ್ಷ ನ್ಯೂಜಿಲೆಂಡ್ ವಿರುದ್ಧ ಶತಕ ಬಾರಿಸಿದರು. ಟೆಸ್ಟ್‌ನಲ್ಲಿ ಭಾರತೀಯ ಮಹಿಳೆಯೊಬ್ಬರ ಮೊದಲ ಶತಕ ಅದು. ಇವರಲ್ಲಿ ಯಾರ ಬದುಕು ಅಕಾರಿಯ ಕಥೆಗಿಂತ ಸಪ್ಪೆ?

ಕೊನೆಗೆ ಜಪಾನೀಯರೇ ಒಂದು ಕ್ರೀಡಾ ಅನಿಮೆಯನ್ನು ಭಾರತಕ್ಕೆ ಒಗ್ಗಿಸಿ ತಂದರು. ಅವರ ಹಳೆಯ ಬೇಸ್‌ಬಾಲ್ ಕಥೆಯನ್ನು ಕ್ರಿಕೆಟ್‌ಗೆ ತಿರುಗಿಸಿ, 2012ರ ಡಿಸೆಂಬರ್‌ನಲ್ಲಿ ಕಲರ್ಸ್ ವಾಹಿನಿಯಲ್ಲಿ ‘ಸೂರಜ್: ದ ರೈಸಿಂಗ್ ಸ್ಟಾರ್’ ಪ್ರಸಾರವಾಯಿತು. ಊರು ಮುಂಬೈ, ನಾಯಕ ಹುಡುಗ.

ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಇಂದು ಹೊಲಿಗೆ ಯಂತ್ರದ ಮುಂದೆ ಕೂರುವವರು ಬಹುಪಾಲು ಹೆಂಗಸರೇ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಮುಗಿಸಿ, ಬಸ್ ಹಿಡಿದು ಮನೆ ಸೇರಿ ಒಲೆ ಹಚ್ಚಬೇಕಾದವರಿಗೆ ವಾಲಿಬಾಲ್ ಅಂಕಣ ತೋರಿಸುವವರು ಯಾರು? ಕೈಜುಕಾದ ಕಠಿಣ ದಿನಚರಿ ಅವರಿಗೆ ಬೇಡ. ಆದರೆ ಸಂಜೆಯ ಒಂದು ಗಂಟೆ ಆಟ, ಎದೆಯ ಮೇಲೆ ಕಂಪನಿಯ ಹೆಸರಿರುವ ಒಂದು ಜೆರ್ಸಿ ಅತಿಯಾಸೆಯೇನಲ್ಲ.

ಎಲ್ವೆರಾ ಬ್ರಿಟ್ಟೊ 2022ರ ಏಪ್ರಿಲ್‌ನಲ್ಲಿ, 81ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ಅದೇ ವರ್ಷ ಬೆಂಗಳೂರು ಮತ್ತು ತುಮಕೂರಿನಲ್ಲಿದ್ದ ಎಚ್‌ಎಂಟಿಯ 200ಕ್ಕೂ ಹೆಚ್ಚು ಎಕರೆ ಜಮೀನನ್ನು ಬಾಹ್ಯಾಕಾಶ ಇಲಾಖೆಗೆ ವರ್ಗಾಯಿಸುವ ತೀರ್ಮಾನವೂ ಆಯಿತು.