ಚಿನ್ನದ ಟ್ಯೂಬು ಕೊಳ್ಳಲು ಹೋಗಿ...

ಮೊನ್ನೆ ಶನಿವಾರ ಇಂದಿರಾನಗರದ ಕಡೆ ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿ ಅಂದರೆ ಅದಕ್ಕೆ ಅವಮಾನವಾದೀತೇನೋ! ಗಾಜಿನ ಬಾಗಿಲು, ತಣ್ಣನೆ ಏಸಿ, ಕೆಳಗಡೆ ತರಹೇವಾರಿ ದೀಪಗಳು, ಮೆಟ್ಟಿಲು ಹತ್ತಿದರೆ ಬಣ್ಣ, ಬ್ರಶ್ಶು, ಕ್ಯಾನ್ವಾಸು. ಮೂರು ತೂಗುದೀಪಗಳ ಬೆಲೆ ಚೀಟಿ ನೋಡಿದ ಮೇಲೆ ನಾಲ್ಕನೆಯದನ್ನು ತಿರುಗಿಸಿ ನೋಡುವ ಧೈರ್ಯ ಬರಲಿಲ್ಲ. ನನಗೆ ಬೇಕಾಗಿದ್ದು ಒಂದೇ ಒಂದು ಚಿನ್ನದ ಬಣ್ಣದ ಟ್ಯೂಬು.

ಯಾಕೆ ಅಂತ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ತಾತನ ಕಾಲದಿಂದ ಬಂದ ಒಂದು ಪಟ್ಟಾಭಿಷೇಕದ ಪಟ ಇದೆ, ಮೈಸೂರು ಶೈಲಿಯದು. ಮೈಸೂರಿನ ಹಳೇ ಮನೆ ಮಾರಿ ಬೆಂಗಳೂರಿನ ಫ್ಲ್ಯಾಟಿಗೆ ಬಂದಾಗಿನಿಂದ ಅದು ಕಳೆಗುಂದಿದೆ. ಕೆಂಪು ಇಟ್ಟಿಗೆ ಪುಡಿಯ ಹಾಗೆ, ಚಿನ್ನ ತೊಳೆಯದ ಹಿತ್ತಾಳೆಯ ಹಾಗೆ. "ಯಾರಿಗಾದರೂ ಕೊಟ್ಟು ಪೂರ್ತಿ ಹೊಸದಾಗಿ ಬಣ್ಣ ಹೊಡೆಸಿಬಿಡೋಣ" ಅಂದ ಅಣ್ಣ. ಅಮ್ಮ ಒಪ್ಪಲಿಲ್ಲ. "ಅದು ಮನೆ ಬಿಟ್ಟು ಹೋಗೋದು ಬೇಡ. ನೀನೇ ಒಂಚೂರು ಚಿನ್ನ ಹಚ್ಚು" ಅಂತ ನನ್ನ ಕಡೆ ನೋಡಿದರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಪರೀಕ್ಷೆ ಪಾಸು ಮಾಡಿದ್ದೇ ನನ್ನ ಅರ್ಹತೆ!

ಮಹಡಿಯಲ್ಲಿದ್ದ ಹುಡುಗಿ ನಾಲ್ಕು ಥರದ ಚಿನ್ನ ತಂದಿಟ್ಟಳು. ಚಿನ್ನ ಎಷ್ಟಿದೆ ಅಂತ ಕೇಳಿದೆ. ನಕ್ಕು, "ಚಿನ್ನ ಎಲ್ಲಿಂದ ಬರುತ್ತೆ ಸಾರ್, ಮೈಕಾ ಪುಡಿ" ಅಂದಳು. ನಿಜ. ಈಗಿನ ಬಹಳಷ್ಟು ಚಿನ್ನದ ಬಣ್ಣಗಳು ಅಭ್ರಕದ ಸಣ್ಣ ಚಕ್ಕೆಗಳ ಮೇಲೆ ಟೈಟಾನಿಯಂ ಮತ್ತು ಕಬ್ಬಿಣದ ಆಕ್ಸೈಡಿನ ಲೇಪ ಕೊಟ್ಟು ಮಾಡಿದವು. ಅದಕ್ಕೂ ಹಿಂದೆ ಹಿತ್ತಾಳೆ ಪುಡಿ ಹಾಕುತ್ತಿದ್ದರು, ಅದು ಬರಬರುತ್ತಾ ಕಪ್ಪಾಗುತ್ತಿತ್ತು.

ಮೈಸೂರಿನ ಹಳೇ ಚಿತ್ರಗಾರರಿಗೆ ಇಂಥ ಅಂಗಡಿಯೇ ಇರಲಿಲ್ಲ. ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡಿಕೊಂಡು ರೇಖೆ ಎಳೆಯುತ್ತಿದ್ದರು. ಕುಂಚಕ್ಕೆ ಅಳಿಲಿನ ಕೂದಲು, ಆಡಿನ ಕೂದಲು. ತೀರಾ ಸಣ್ಣ ಗೆರೆಗೆ ಹುಲ್ಲಿನ ಎಸಳು. ಒಡವೆ, ಕಿರೀಟ, ಸಿಂಹಾಸನಗಳ ಜಾಗದಲ್ಲಿ ಸೀಸದ ಬಿಳಿ ಪುಡಿ, ಗ್ಯಾಂಬೋಜ್ ಎಂಬ ಹಳದಿ ಮರದಂಟು, ಗೋಂದು ಕಲಸಿದ ಪೇಸ್ಟನ್ನು ತೆಳ್ಳಗೆ ಉಬ್ಬು ಬರುವ ಹಾಗೆ ಎಳೆದು, ಮೇಲೆ ಚಿನ್ನದ ರೇಕು ಅಂಟಿಸುತ್ತಿದ್ದರು. (ಗ್ಯಾಂಬೋಜ್ ಮರ ನಮ್ಮ ಪುನರ್ಪುಳಿಯ ದಾಯಾದಿ, ಎರಡೂ ಗಾರ್ಸೀನಿಯಾ ಕುಲದವು!) ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ದಪ್ಪ, ಕಲ್ಲು ಮಣಿಗಳ ಅಬ್ಬರ ಜಾಸ್ತಿ. ಮೈಸೂರಿನದು ತೆಳು, ಬೆರಳಾಡಿಸಿದರೆ ಮಾತ್ರ ಗೊತ್ತಾಗುವಷ್ಟು. ನನಗೆ ಮೈಸೂರಿನದೇ ಇಷ್ಟ, ಪಕ್ಷಪಾತ ಅಂದರೂ ಸರಿ.

ಬಣ್ಣ ಟ್ಯೂಬಿನೊಳಗೆ ಸೇರಿದ್ದು 1841ರಲ್ಲಿ. ಲಂಡನ್ನಿನಲ್ಲಿದ್ದ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಹಿಸುಕಿದರೆ ಬಣ್ಣ ಬರುವ ಲೋಹದ ಟ್ಯೂಬಿಗೆ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಯೂರೋಪಿನವರು ಎಣ್ಣೆ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರಂತೆ! ನಮ್ಮಲ್ಲಿ ಕ್ಯಾಮ್ಲಿನ್ ಕಂಪನಿ 1931ರಲ್ಲಿ ಮುಂಬೈಯಲ್ಲಿ ಶಾಯಿ ಮಾಡುತ್ತಾ ಶುರುವಾಯಿತು, ಬಣ್ಣಕ್ಕೆ ಬಂದದ್ದು ಆಮೇಲೆ. ಆ ಒಂಟೆಯ ಚಿತ್ರದ ಡಬ್ಬ ನಮ್ಮಲ್ಲಿ ಯಾರಿಗೆ ತಾನೆ ನೆನಪಿಲ್ಲ?

ಒಂದು ಚಿನ್ನದ ಟ್ಯೂಬು, ಜೊತೆಗೆ ಕೆಂಪು ಹೊಂದುತ್ತಾ ನೋಡಲು ಒಂದು ಬಣ್ಣದ ಕಾರ್ಡು ಹಿಡಿದುಕೊಂಡು ಕೆಳಗೆ ಬಂದೆ. ಬಿಲ್ಲಿನ ಕೌಂಟರ್ ಹತ್ತಿರ ಮೂರು ಗೂಡಿನ ಒಂದು ಪೆಟ್ಟಿಗೆ ಇತ್ತು. ಒಂದೊಂದು ಗೂಡಿನಲ್ಲೂ ಬೇರೆ ಬೇರೆ ಬಲ್ಬು. ಸುಮ್ಮನೆ ಕಾರ್ಡನ್ನು ಮೊದಲನೆಯದರಲ್ಲಿ ಇಟ್ಟೆ. ಇಟ್ಟಿಗೆ ಪುಡಿ! ಮೂರನೆಯದರಲ್ಲಿ ಇಟ್ಟೆ. ಕುಂಕುಮ! ಉಂಗುರ ಬಿಚ್ಚಿ ಇಟ್ಟರೆ ಅದೂ ಹಾಗೇ. ಮೊದಲನೆಯದರಲ್ಲಿ ಹಿತ್ತಾಳೆ, ಮೂರನೆಯದರಲ್ಲಿ ಬಂಗಾರ. ಸೀರೆ ಅಂಗಡಿಯಲ್ಲಿ ಅಮ್ಮ ಯಾಕೆ ಪ್ರತಿ ಸಲ ಸೀರೆಯನ್ನು ಬಾಗಿಲ ಹತ್ತಿರ ಒಯ್ದು ಬಿಸಿಲಿಗೆ ಹಿಡಿಯುತ್ತಾರೆ ಅಂತ ಚಿಕ್ಕಂದಿನಿಂದ ಬೇಜಾರು ಪಟ್ಟುಕೊಂಡಿದ್ದೆ. ಅವತ್ತು ಅರ್ಥವಾಯಿತು.

ಮೈಸೂರು ಶೈಲಿಗೆ ಅದರ ವೈಭವ ಬಂದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ. ಅವರು ತೀರಿಕೊಂಡದ್ದು 1868ರಲ್ಲಿ. ನಮ್ಮ ನಾಡಿಗೆ ವಿದ್ಯುತ್ತು ಬಂದದ್ದು 1902ರಲ್ಲಿ, ಶಿವನಸಮುದ್ರದಿಂದ. ಅದೂ ದೀಪಕ್ಕಲ್ಲ, 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ! ಯೋಜನೆಯ ಹಿಂದಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿಯಲಿಲ್ಲ, 1901ರಲ್ಲೇ ಹೋಗಿಬಿಟ್ಟರು. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಉರಿದದ್ದು 1905ರ ಆಗಸ್ಟಿನಲ್ಲಿ.

ಅಂದರೆ ಮುಮ್ಮಡಿಯವರ ಕಾಲದ ಆ ಚಿತ್ರಗಾರರು ಯಾರೂ ಬಲ್ಬು ಕಂಡವರಲ್ಲ. ಹಗಲು ತೊಟ್ಟಿಯಿಂದ ಬೀಳುವ ಬೆಳಕು, ರಾತ್ರಿ ಎಣ್ಣೆ ದೀಪ. ಎಣ್ಣೆ ದೀಪದ ಬೆಳಕು ಸುಮಾರು 1,900 ಕೆಲ್ವಿನ್, ಅಂದರೆ ತುಂಬಾ ಕೆಂಪು ಹಳದಿ. ಅದು ಪಟದ ಕೆಳಗಿನಿಂದ ಬರುತ್ತಿತ್ತು, ಅಲುಗಾಡುತ್ತಿತ್ತು. ಆ ತೆಳು ಉಬ್ಬಿನ ಮೇಲೆ ಅದು ಓಡಾಡಿದಾಗ ರೇಕು ಮಿನುಗುತ್ತಿತ್ತು. ದೀಪವನ್ನೂ ಲೆಕ್ಕಕ್ಕೆ ಹಿಡಿದೇ ಅವರು ಚಿನ್ನ ಅಂಟಿಸಿದ್ದು ಅಂತ ನನ್ನ ಅನಿಸಿಕೆ.

ತಾತನ ಮನೆಯ ದೇವರ ಕೋಣೆಯಲ್ಲಿ ನಲವತ್ತು ವೋಲ್ಟಿನ... ಅಲ್ಲಲ್ಲ, ನಲವತ್ತು ವ್ಯಾಟಿನ ಬುರುಡೆ ಬಲ್ಬಿತ್ತು, 'ಮೈಸೂರು ಲ್ಯಾಂಪ್ಸ್' ಅಂತ ಬರೆದಿದ್ದದ್ದು. 1936ರಲ್ಲಿ ಶುರುವಾದ ಕಾರ್ಖಾನೆ ಅದು, 2003ರಲ್ಲಿ ಬಾಗಿಲು ಹಾಕಿತು. ಕರೆಂಟು ತಿನ್ನುತ್ತಿತ್ತು, ಕೈ ಸುಡುತ್ತಿತ್ತು, ಎಲ್ಲಾ ನಿಜ. ಆದರೆ ಅದರ ತಂತಿ ಕಾದು ಉರಿಯುತ್ತಿದ್ದದ್ದು 2,700 ಕೆಲ್ವಿನ್ ಆಸುಪಾಸಿನಲ್ಲಿ, ಎಣ್ಣೆ ದೀಪದ ಹತ್ತಿರದ ಸಂಬಂಧಿ. ಬಿಳಿ ಎಲ್‌ಇಡಿಯ ಕುಲವೇ ಬೇರೆ. ಜಪಾನಿನಲ್ಲಿ ಶುಜಿ ನಕಾಮುರ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ತಂದರು (2014ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು). ನೀಲಿಯ ಮೇಲೆ ಹಳದಿ ಹೊಳೆಯುವ ಪುಡಿ ಬಳಿದರೆ ನಮ್ಮ ಕಣ್ಣಿಗೆ ಬಿಳಿ. ಆ ಬಿಳಿಯಲ್ಲಿ ಕಡುಗೆಂಪು ಬಹಳ ಕಮ್ಮಿ. ಡಬ್ಬದ ಮೇಲೆ ಸಿಆರ್‌ಐ 80 ಅಂತ ಅಚ್ಚಾಗಿರುತ್ತದೆ. ಆದರೆ ಆ ಅಂಕ ಎಂಟು ಪೇಲವ ಬಣ್ಣಗಳ ಸರಾಸರಿ, ಕಡುಗೆಂಪಿನ ಪರೀಕ್ಷೆ ಅದರಲ್ಲಿಲ್ಲ. ಅದಕ್ಕೆ ಆರ್9 ಅಂತ ಬೇರೆ ಅಂಕ ಇದೆ, ಕೇಳಿದರೆ ಮಾತ್ರ ತೋರಿಸುತ್ತಾರೆ.

ಕೇಳಿದೆ. ಹುಡುಗ ಒಳಗೆ ಹೋಗಿ ಕ್ಯಾಟಲಾಗು ತಂದ. ಆರ್9 ಹೆಚ್ಚಿರುವ, 2,700ರ ಪುಟ್ಟ ಬಲ್ಬು, ಆರುನೂರು ಚಿಲ್ಲರೆ ರೂಪಾಯಿ. ಮಹಡಿ ಹತ್ತಿ ಟ್ಯೂಬನ್ನು ವಾಪಸ್ ಕೊಟ್ಟೆ. ಆ ಹುಡುಗಿಗೆ ಏನೂ ಬೇಜಾರಾಗಲಿಲ್ಲ.

ಮನೆಗೆ ಬಂದು ಪಟದ ಕೆಳಗೆ, ಸ್ವಲ್ಪ ಓರೆಯಾಗಿ ಬಲ್ಬು ಸಿಕ್ಕಿಸಿ, ಹಾಲಿನ ಬಿಳಿ ದೀಪ ಆರಿಸಿದೆ. ಎಲ್ಲಾ ಸರಿಹೋಯಿತು ಅಂತ ಹೇಳಲಾರೆ. ಭರತನ ಪಕ್ಕ ಒಂದು ಕಪ್ಪು ಕಲೆ ಹಾಗೇ ಇದೆ. ಸೀಸದ ಬಿಳಿ ಗಾಳಿಯಲ್ಲಿರುವ ಗಂಧಕದ ಅನಿಲ ತಗುಲಿ ಕಪ್ಪಾಗುವುದುಂಟು, ಇದೂ ಅದೇ ಇರಬಹುದು. ಅದನ್ನು ನಾನು ಮುಟ್ಟುವುದಿಲ್ಲ. ಬಲ್ಬನ್ನೂ ದಿನಾ ಸಂಜೆ ಅರ್ಧ ಗಂಟೆ ಮಾತ್ರ ಹಾಕುವುದು ಅಂತ ತೀರ್ಮಾನವಾಗಿದೆ, ಹಳೇ ಬಣ್ಣಕ್ಕೆ ಬೆಳಕೂ ಶತ್ರುವೇ.

ಅಮ್ಮ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಸ್ವಲ್ಪ ಹೊತ್ತಾದ ಮೇಲೆ, "ಆಂಜನೇಯನ ಕಿವಿಯಲ್ಲಿ ಕುಂಡಲ ಇತ್ತಲ್ಲ, ಎಷ್ಟು ವರ್ಷ ಆಗಿತ್ತು ನೋಡಿ" ಅಂದರು. ಅಣ್ಣ ಮಾತ್ರ ಬಿಲ್ಲನ್ನೇ ನೋಡುತ್ತಿದ್ದ. "ಒಂದು ಬಲ್ಬಿಗೆ ಇಷ್ಟಾ?"