ಎರೆಹೊಲದ ಬಿಳಿ ಕಲ್ಲು ಹವಳವೇ? ನಿಜವಾದ ಹವಳ ಹಳೆಯ ಹವಾಮಾನವನ್ನು ಹೇಗೆ ಹೇಳುತ್ತದೆ?

ಅಥಣಿ, ರಾಯಬಾಗ, ಚಿಕ್ಕೋಡಿ ಕಡೆ ಬಾವಿ ತೋಡಿಸಿದವರಿಗೆ ಬಿಳಿ ಕಲ್ಲು ಹೊಸದಲ್ಲ. ಕೆಲವು ಗಂಟುಗಂಟಾಗಿ, ತೂತುತೂತಾಗಿ ಇರುತ್ತವೆ. ಕೆಲವನ್ನು ಒಡೆದರೆ ಒಳಗೆ ಸೂಜಿಯಂಥ ಹರಳುಗಳು ಹೊಳೆಯುತ್ತವೆ. ಅಂಥದೊಂದು ಕಲ್ಲಿನ ಫೋಟೊ ಹಾಕಿ, “ನಮ್ಮ ಹೊಲದಲ್ಲಿ ಹವಳ ಸಿಕ್ಕಿದೆ. ಇಲ್ಲಿ ಮೊದಲು ಸಮುದ್ರ ಇತ್ತು. ಹವಾಮಾನ ಯಾವಾಗಲೂ ಬದಲಾಗುತ್ತಲೇ ಬಂದಿದೆ. ಈಗ ಆಗುತ್ತಿರುವುದರಲ್ಲಿ ಹೊಸದೇನೂ ಇಲ್ಲ” ಎಂದು ಬರೆದರೆ ಒಂದು ಫಾರ್ವರ್ಡ್ ಸಿದ್ಧವಾಯಿತು. ಈ ನಾಲ್ಕು ಮಾತುಗಳಲ್ಲಿ ಮೊದಲನೆಯದು ತಪ್ಪು. ಎರಡನೆಯದರಲ್ಲಿ ಸ್ವಲ್ಪ ಹುರುಳಿದೆ. ಮೂರನೆಯದು ನಿಜ. ನಾಲ್ಕನೆಯದು ತಪ್ಪು, ಮತ್ತು ಅದನ್ನು ತಪ್ಪು ಎಂದು ತೋರಿಸುವುದರಲ್ಲಿ ಹವಳದ್ದೇ ದೊಡ್ಡ ಪಾಲಿದೆ.

ಮೊದಲು ಕಲ್ಲಿನ ವಿಷಯ ನೋಡೋಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಕಪ್ಪು ಬಂಡೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಗಟ್ಟಿಯಾಗಿ ಆದದ್ದು. ಇದೇ ದಖ್ಖನ್ ಟ್ರ್ಯಾಪ್ ಬಸಾಲ್ಟ್. ಎರೆಮಣ್ಣು ಈ ಬಂಡೆ ಕರಗಿ ಆದ ಮಣ್ಣು. ಲಾವಾ ಆರುವಾಗ ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳ ಜಾಗದಲ್ಲಿ ಆಮೇಲೆ ಜಿಯೋಲೈಟ್, ಕ್ಯಾಲ್ಸೈಟ್, ಸ್ಫಟಿಕ ಬೆಳೆದವು. ಹೊಳೆಯುವ ಸೂಜಿ ಹರಳು ಹೆಚ್ಚಾಗಿ ಅವೇ. ಗಂಟುಗಂಟಾದ ಕಲ್ಲು ಮಣ್ಣಿನ ನೀರಲ್ಲಿ ಕರಗಿದ ಸುಣ್ಣ ಮತ್ತೆ ಹೆಪ್ಪುಗಟ್ಟಿದ್ದು. ಹವಳವಾದರೆ ಮೇಲ್ಮೈಯಲ್ಲಿ ಒಂದೇ ಮಾದರಿಯ ಪುಟ್ಟ ಬಟ್ಟಲುಗಳು, ಪ್ರತಿ ಬಟ್ಟಲಿನೊಳಗೆ ಗಾಡಿ ಚಕ್ರದ ಅರಗಳಂತೆ ತೆಳುವಾದ ಗೋಡೆಗಳು ಕಾಣಬೇಕು. ನಿಂಬೆರಸ ಹಾಕಿದಾಗ ನೊರೆ ಬಂತು ಎಂಬುದು ಸಾಕ್ಷಿಯಲ್ಲ. ಸುಣ್ಣ ಇರುವ ಯಾವ ಕಲ್ಲಾದರೂ ನೊರೆ ಬಿಡುತ್ತದೆ.

ಇನ್ನು ಸಮುದ್ರ. ಬಾಗಲಕೋಟೆ, ಲೋಕಾಪುರ ಕಡೆಯ ಕಲಾದಗಿ ಸುಣ್ಣಕಲ್ಲು ನಿಜಕ್ಕೂ ಆಳವಿಲ್ಲದ ಸಮುದ್ರದಲ್ಲಿ ಆದದ್ದು. ಅದರಲ್ಲಿ ಸ್ಟ್ರೊಮಾಟೊಲೈಟ್ ಎಂಬ ಪದರಪದರದ ರಚನೆಗಳಿವೆ. ನೋಡುವವರಿಗೆ ಹವಳವೇನೋ ಅನ್ನಿಸಬಹುದು. ಆದರೆ ಅವನ್ನು ಕಟ್ಟಿದ್ದು ಸೂಕ್ಷ್ಮಜೀವಿಗಳು. ಆ ಬಂಡೆಗೆ ನೂರು ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಆಗ ಭೂಮಿಯ ಮೇಲೆ ಹವಳ ಎಂಬ ಪ್ರಾಣಿಯೇ ಇರಲಿಲ್ಲ.

ಹೌದು, ಹವಳ ಒಂದು ಪ್ರಾಣಿ. ಉಂಗುರದಲ್ಲಿ, ತಾಳಿಸರದಲ್ಲಿ ಪೋಣಿಸುವ ಕೆಂಪು ಹವಳದ ಜಾತಿ ಬೇರೆ. ನಾವು ಇಲ್ಲಿ ಹೇಳುತ್ತಿರುವುದು ಬೆಚ್ಚಗಿನ ತಿಳಿ ಸಮುದ್ರದಲ್ಲಿ ದಿಬ್ಬ ಕಟ್ಟುವ ಹವಳದ ಬಗ್ಗೆ. ಲಕ್ಷದ್ವೀಪ ನಿಂತಿರುವುದೇ ಅದರ ಮೇಲೆ. ನಮ್ಮ ರಾಜ್ಯದಲ್ಲಿ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಜೀವಂತ ಹವಳಗಳಿವೆ.

ಈ ಪ್ರಾಣಿ ಸಮುದ್ರದ ನೀರಿನಿಂದ ಸುಣ್ಣ ತೆಗೆದುಕೊಂಡು ಕೆಳಗೆ ಅಸ್ಥಿ ಕಟ್ಟುತ್ತಾ, ತಾನು ಮೇಲೆ ಮೇಲೆ ಬೆಳೆಯುತ್ತದೆ. ದುಂಡಗೆ ಬೆಳೆಯುವ ಪೊರೈಟಿಸ್ ಜಾತಿಯ ಹವಳ ವರ್ಷಕ್ಕೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಅದನ್ನು ಕೊರೆದು ತೆಗೆದು ಎಕ್ಸ್‌ರೇ ಹಿಡಿದರೆ ಒಂದು ಗಟ್ಟಿ, ಒಂದು ಸಡಿಲ ಪಟ್ಟಿ ಜೋಡಿಜೋಡಿಯಾಗಿ ಕಾಣುತ್ತವೆ. ಒಂದು ಜೋಡಿ ಎಂದರೆ ಒಂದು ವರ್ಷ. ದಿನದ ಗೆರೆಗಳೂ ಇರುತ್ತವೆ. ಸುಮಾರು 40 ಕೋಟಿ ವರ್ಷ ಹಳೆಯ ಹವಳಗಳಲ್ಲಿ ಒಂದು ವರ್ಷದೊಳಗೆ 400ರಷ್ಟು ದಿನದ ಗೆರೆಗಳಿವೆ ಎಂದು ಜಾನ್ ವೆಲ್ಸ್ 1963ರಲ್ಲಿ ಎಣಿಸಿ ತೋರಿಸಿದರು. ಆಗ ಭೂಮಿ ಬೇಗ ತಿರುಗುತ್ತಿತ್ತು, ದಿನ ಚಿಕ್ಕದಿತ್ತು, ವರ್ಷಕ್ಕೆ ದಿನಗಳು ಹೆಚ್ಚಿದ್ದವು. ಇದು ಫಾರ್ವರ್ಡ್ ಮಾಡಲು ಯೋಗ್ಯವಾದ ನಿಜ.

ಪಟ್ಟಿ ಎಣಿಸಿದರೆ ಹವಳ ಎಷ್ಟು ವರ್ಷ ಬದುಕಿತ್ತು ಎಂದು ತಿಳಿಯುತ್ತದೆ. ಯಾವಾಗ ಬದುಕಿತ್ತು ಎಂದು ತಿಳಿಯಲು ಯುರೇನಿಯಂ ಬೇಕು. ಸಮುದ್ರದ ನೀರಲ್ಲಿ ಯುರೇನಿಯಂ ಕರಗಿರುತ್ತದೆ, ಥೋರಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹೊಸ ಹವಳದೊಳಗೆ ಯುರೇನಿಯಂ ಮಾತ್ರ ಸೇರುತ್ತದೆ. ಅದು ಗೊತ್ತಾದ ವೇಗದಲ್ಲಿ ಥೋರಿಯಂ ಆಗುತ್ತಾ ಹೋಗುತ್ತದೆ. ಸಾಲದ ಅಸಲು, ಬಡ್ಡಿ ದರ, ಈವರೆಗೆ ಸೇರಿದ ಬಡ್ಡಿ ಗೊತ್ತಿದ್ದರೆ ಸಾಲ ಯಾವಾಗ ಎತ್ತಿದ್ದು ಎಂದು ಹೇಳಬಹುದಲ್ಲ, ಇದೂ ಹಾಗೆಯೇ. ಈ ವಿಧಾನ ಸುಮಾರು 5 ಲಕ್ಷ ವರ್ಷಗಳವರೆಗೆ ನಡೆಯುತ್ತದೆ. ಇಂಗಾಲದಿಂದ ಕಾಲ ಹೇಳುವ ವಿಧಾನ 50 ಸಾವಿರ ವರ್ಷಕ್ಕೇ ನಿಲ್ಲುತ್ತದೆ. ಮಳೆನೀರು ತಾಗಿ ಹವಳದ ಸುಣ್ಣ ಬದಲಾಗಿದ್ದರೆ ಮಾತ್ರ ಲೆಕ್ಕ ಕೆಡುತ್ತದೆ. ಅದಕ್ಕೇ ಪ್ರಯೋಗಾಲಯದಲ್ಲಿ ಮೊದಲು ಪರೀಕ್ಷಿಸುವುದೇ ಮಾದರಿ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು.

ಸಮುದ್ರಮಟ್ಟದ ಹಳೆಯ ಲೆಕ್ಕವೂ ಹೀಗೇ ಬಂತು. ಕೆಲವು ಹವಳ ಜಾತಿಗಳು ನೀರಿನ ಮೇಲ್ಮೈಗೆ ಹತ್ತಿರವೇ ಬೆಳೆಯುತ್ತವೆ. ಬಾರ್ಬಡೋಸ್ ದ್ವೀಪದ ಬಳಿ ಆಳದಲ್ಲಿ ಮುಳುಗಿದ್ದ ಅಂಥ ಹವಳಗಳನ್ನು ಕೊರೆದು ತೆಗೆದ ರಿಚರ್ಡ್ ಫೇರ್‌ಬ್ಯಾಂಕ್ಸ್, ಕಳೆದ ಹಿಮಯುಗದಲ್ಲಿ ಸಮುದ್ರ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು ಎಂದು 1989ರಲ್ಲಿ ಪ್ರಕಟಿಸಿದರು. ಹವಾಮಾನ ಹಿಂದೆಯೂ ಬದಲಾಗಿದೆ ಎಂಬ ಮೂರನೆಯ ಮಾತು ನಿಜ ಎನ್ನಲು ಇಷ್ಟು ಸಾಕು.

ಈಗ ನಾಲ್ಕನೆಯ ಮಾತು. ಅದಕ್ಕಾಗಿ ಕೃಷ್ಣೆಯ ದಡದಿಂದ ಇಂಡೋನೇಷ್ಯಾದವರೆಗೆ ಹೋಗಬೇಕು, ಏಕೆಂದರೆ ನಮ್ಮ ಮುಂಗಾರಿನ ನಡೆಯಲ್ಲಿ ಹಿಂದೂ ಮಹಾಸಾಗರದ ಕೈವಾಡವಿದೆ. ಕೆಲವು ವರ್ಷ ಆಫ್ರಿಕಾ ಕಡೆಯ ನೀರು ಹೆಚ್ಚು ಬಿಸಿಯಾಗಿ, ಸುಮಾತ್ರಾ ಕಡೆಯ ನೀರು ತಣ್ಣಗಾಗುತ್ತದೆ. ಇದನ್ನು ಪಾಸಿಟಿವ್ ಇಂಡಿಯನ್ ಓಷನ್ ಡೈಪೋಲ್ ಎನ್ನುತ್ತಾರೆ. ಆಗ ಇಂಡೋನೇಷ್ಯಾದಲ್ಲಿ ಬರ, ಭಾರತದಲ್ಲಿ ಬಹಳ ಸಲ ಒಳ್ಳೆಯ ಮಳೆ. 2019ರಲ್ಲಿ ಈ ಡೈಪೋಲ್ ತೀರಾ ಬಲವಾಗಿತ್ತು. ದೇಶದ ಮುಂಗಾರು ಮಳೆ ವಾಡಿಕೆಯ ಶೇ 110ರಷ್ಟಾಯಿತು. ಮುಂಗಾರು ಹಿಂದೆ ಸರಿಯಲು ಶುರುವಾದದ್ದು ಅಕ್ಟೋಬರ್ 9ಕ್ಕೆ, ಹವಾಮಾನ ಇಲಾಖೆಯ ದಾಖಲೆಯಲ್ಲೇ ಅತಿ ತಡವಾಗಿ. ಅದೇ ಆಗಸ್ಟ್‌ನಲ್ಲಿ ಯಮಗರ್ಣಿ ಬಳಿ ವೇದಗಂಗೆ ಹೆದ್ದಾರಿಯ ಮೇಲೆ ಹರಿದದ್ದು, ಕೃಷ್ಣಾ ದಡದ ಊರುಗಳು ಗಂಟು ಮೂಟೆ ಕಟ್ಟಿದ್ದು ಇಲ್ಲಿನವರು ಮರೆತಿರಲಾರರು. ಆ ಪ್ರವಾಹಕ್ಕೆಲ್ಲ ಡೈಪೋಲ್ ಒಂದೇ ಕಾರಣ ಎಂದು ನಾವು ಹೇಳುವುದಿಲ್ಲ.

ಇಂಥ ವರ್ಷಗಳು ಹಿಂದೆ ಎಷ್ಟು ಸಲ ಬಂದಿದ್ದವು? ಉಪಗ್ರಹಗಳಿಗೆ ಐವತ್ತು ವರ್ಷದಾಚೆಯದು ಗೊತ್ತಿಲ್ಲ. ಸುಮಾತ್ರಾ ಪಕ್ಕದ ಹವಳಗಳಿಗೆ ಗೊತ್ತು. ನೀರು ತಣ್ಣಗಾಗಿ ಮಳೆ ನಿಂತಾಗ ಅವುಗಳ ಅಸ್ಥಿಯಲ್ಲಿ ಭಾರವಾದ ಆಕ್ಸಿಜನ್‌ನ ಪಾಲು ಹೆಚ್ಚುತ್ತದೆ. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ನೆರಿಲಿ ಅಬ್ರಾಮ್ ತಂಡ ಅಲ್ಲಿನ ಪಳೆಯುಳಿಕೆ ಹವಳಗಳನ್ನು ಓದಿ 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆಯಿತು. 1240ರಿಂದ ಶುರುವಾಗುವ, ನಡುವೆ ಕಡಿದಿರುವ ಆ ದಾಖಲೆಯಲ್ಲಿ ಅತಿ ಬಲವಾದ ಡೈಪೋಲ್ ಸಿಕ್ಕಿದ್ದು 10 ಸಲ ಮಾತ್ರ. ಅದರಲ್ಲಿ 4 ಬಂದದ್ದು ಕೊನೆಯ 60 ವರ್ಷಗಳಲ್ಲಿ. ಎಲ್ಲಕ್ಕಿಂತ ಜೋರಾದದ್ದು 1675ರದ್ದು, ಶಿವಾಜಿ ಪಟ್ಟಾಭಿಷೇಕದ ಮರುವರ್ಷ. ಎಂದರೆ 2019ನ್ನು ಮೀರಿಸುವ ವರ್ಷ ಹಿಂದೆ ಬಂದಿತ್ತು. ಆದರೆ ಇಷ್ಟು ಹತ್ತಿರ ಹತ್ತಿರ ಬರುತ್ತಿರಲಿಲ್ಲ. ಹೊಸದು ಇರುವುದು ಅಲ್ಲಿ.

ನಮ್ಮ ಹತ್ತಿರದಲ್ಲೇ ಏನಾದರೂ ಇದೆಯೇ ಎಂದರೆ, ಹವಳವಿಲ್ಲ, ಗುಹೆಯ ಕಲ್ಲಿದೆ. ಉತ್ತರ ಕನ್ನಡದ ಅಕಳಗವಿಯಲ್ಲಿ ನೀರು ತೊಟ್ಟಿಕ್ಕಿ ಬೆಳೆದ ಸುಣ್ಣದ ಕಲ್ಲನ್ನು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಎಂ.ಜಿ. ಯಾದವ, ಆರ್. ರಮೇಶ್ ಮತ್ತು ಪುಣೆಯ ಜಿ.ಬಿ. ಪಂತ್ ಪದರ ಪದರವಾಗಿ ಓದಿ, 331 ವರ್ಷಗಳ ಮಳೆಯ ಏರಿಳಿತವನ್ನು 2004ರಲ್ಲಿ ಪ್ರಕಟಿಸಿದ್ದಾರೆ.

ಬರುವ ಆಗಸ್ಟ್‌ನಲ್ಲಿ ಕಲ್ಲೋಳ ಬಳಿಯ ಸೇತುವೆ ಮುಳುಗುತ್ತದೆಯೇ ಎಂದು ಹವಳವೂ ಹೇಳದು, ಗುಹೆಯೂ ಹೇಳದು. ಅದಕ್ಕೆ ಪಶ್ಚಿಮ ಘಟ್ಟದಲ್ಲಿ ಎಷ್ಟು ಮಳೆಯಾಯಿತು, ಕೊಯ್ನಾದಿಂದ ಎಷ್ಟು ನೀರು ಬಿಟ್ಟರು ಎಂದು ನೋಡಬೇಕು. ನದಿ ಮಟ್ಟದ ಮುನ್ಸೂಚನೆಯನ್ನು ಕೇಂದ್ರ ಜಲ ಆಯೋಗ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಅದು ಫೋನಿನಲ್ಲೇ ತೆರೆಯುತ್ತದೆ.