ಲಾಂಗ್‌ಜಿಂಗ್ ಎಲೆ, ನಂದೇಶ್ವರದ ನೀರು: ಹಸಿರು ಚಹಾದ ರುಚಿಯ ಚರಿತ್ರೆಗೆ ಒಂದು ಪ್ರವೇಶ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಳ್ಳುತ್ತೇನೆ. ನಾನು ಮಾತಾಡ್ತಾ ಇರೋದು ನಂದೇಶ್ವರದಿಂದ. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನ ಊರು ಇದು. ಮಂಗಳವೇಢೆ ಅಂದರೆ ಕಲಚೂರಿಗಳ ಕಾಲದಲ್ಲಿ ಬಸವಣ್ಣನವರು ಇದ್ದ ಊರು, ಮಾಲದಂಡಿ ಜೋಳಕ್ಕೆ ಹೆಸರಾದ ಊರು. ನಮ್ಮ ಕಡೆಯ ಹಳ್ಳಿಗಳಿಗೆ ಇನ್ನೊಂದು ಹೆಸರೂ ಇದೆ, ಬರಪೀಡಿತ ಹಳ್ಳಿಗಳು ಅಂತ. ಇವತ್ತಿನ ಪ್ರಬಂಧ ಚೀನಾದ ಹಸಿರು ಚಹಾದ ಬಗ್ಗೆ ಇದ್ದರೂ ಆ ಬರದ ಮಾತು ಇದರೊಳಗೆ ಬಂದೇ ಬರುತ್ತದೆ.

ಇದು ಶುರುವಾದದ್ದು ಒಂದು ಸಣ್ಣ ಅವಮಾನದಿಂದ. ಹಿಂದಿನ ವರ್ಷ ಒಬ್ಬ ಸಹಪಾಠಿ ಹಾಂಗ್‌ಝೌದಿಂದ ಬಂದ ಲಾಂಗ್‌ಜಿಂಗ್ ಚಹಾದ ಒಂದು ಪೊಟ್ಟಣ ಕೊಟ್ಟರು. ಊರಿಗೆ ತಂದು ಮನೆಯ ಬೋರಿನ ನೀರಲ್ಲೇ ಮಾಡಿದೆ. ಕಪ್ಪಿನಲ್ಲಿ ಹಸಿರೂ ಇಲ್ಲ, ಹಳದಿಯೂ ಇಲ್ಲ, ಮಂಕು ಕಂದು ಬಣ್ಣ. ಮೇಲೆ ಎಣ್ಣೆ ಹನಿಸಿದ ಹಾಗೆ ತೆಳ್ಳಗೆ ಒಂದು ಪೊರೆ. ಬಾಯಿಗೆ ಹಾಕಿದರೆ ಸುಣ್ಣದ ನೀರು. ಇದನ್ನು ತರಗತಿಯ ಗುಂಪಿನಲ್ಲಿ ಬರೆದಾಗ ಒಬ್ಬರು ನಗುತ್ತಾ, “ಹಾಲು ಸಕ್ಕರೆ ಹಾಕಿ ಕುದಿಸೋ ನಾಲಿಗೆಗೆ ಇದು ತಿಳಿಯೋದಿಲ್ಲ ಬಿಡಿ” ಅಂದರು. ಅವರು ತಮಾಷೆಗೆ ಅಂದಿರಬಹುದು. ಆದರೆ ಆ ಮಾತಿನೊಳಗೆ ಚರಿತ್ರೆಯ ಬಗ್ಗೆ ಒಂದು ನಂಬಿಕೆ ಅಡಗಿದೆ. ರುಚಿ ಬಲ್ಲವರು ಎಲ್ಲೋ ಬೇರೆ ಕಡೆ ಇದ್ದಾರೆ, ನಮ್ಮಂಥ ಊರಿಗೆ ಅದು ಬಂದೇ ಇಲ್ಲ ಎನ್ನುವ ನಂಬಿಕೆ. ಇದು ನಿಜವೇ ಎನ್ನುವುದು ನನ್ನ ಪ್ರಶ್ನೆ.

೧. ಹೆಸರಿನ ದಾರಿ

ಮೊದಲು ಶಬ್ದ. ಮೈಸೂರು ಕಡೆಯವರು ‘ಟೀ’ ಅಂತಾರೆ, ನಾವು ‘ಚಾ’ ಅಥವಾ ‘ಚಹಾ’ ಅಂತೀವಿ. ಎರಡರ ಬೇರೂ ಚೀನಾದಲ್ಲೇ ಇದೆ. ಫೂಜಿಯೆನ್ ಕರಾವಳಿಯ ಮಾತಿನಲ್ಲಿ ಅದು ‘ತೆ’. ಆ ರೂಪ ಡಚ್ ವ್ಯಾಪಾರಿಗಳ ಮೂಲಕ ಯುರೋಪಿಗೆ ಹೋಗಿ, ಇಂಗ್ಲಿಷಿನಿಂದ ಇಲ್ಲಿಗೆ ಬಂತು. ಚೀನಾದ ಬಹುಭಾಗದಲ್ಲಿ ಅದು ‘ಛಾ’. ಈ ರೂಪ ಪರ್ಷಿಯನ್ನರ ಬಾಯಲ್ಲೂ ಪೋರ್ತುಗೀಸರ ಬಾಯಲ್ಲೂ ಹರಿದಾಡಿತು. ಮರಾಠಿಯ ‘ಚಹಾ’ ಮತ್ತು ನಮ್ಮ ‘ಚಾ’ ಆ ಕುಟುಂಬದವು. ಹೀಗೆ ಒಂದೇ ಕನ್ನಡದೊಳಗೆ ಎರಡು ವ್ಯಾಪಾರದ ದಾರಿಗಳು ಇನ್ನೂ ಜೀವಂತವಾಗಿವೆ. ನಮ್ಮ ಆಯಿ ಬಾಗಿಲಲ್ಲಿ ನಿಂತವರಿಗೆ “ಚಾ ಕುಡದ ಹೋಗ್ರಿ” ಅಂದಾಗ ಅವಳ ಬಾಯಲ್ಲಿ ಇರೋದು ಚೀನೀ ಶಬ್ದವೇ.

ಸೊಲ್ಲಾಪುರದಲ್ಲಿ ಚೀನಾ ಅಂದರೆ ಮೊದಲು ನೆನಪಾಗೋದು ಚಹಾ ಅಲ್ಲ, ಡಾ. ದ್ವಾರಕಾನಾಥ ಕೋಟ್ನಿಸ್. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. 1938ರಲ್ಲಿ ಭಾರತದ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋಗಿ, ಜಪಾನಿನ ವಿರುದ್ಧದ ಯುದ್ಧದಲ್ಲಿ ಗಾಯಗೊಂಡವರ ಚಿಕಿತ್ಸೆ ಮಾಡುತ್ತಾ 1942ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಆಗ ಅವರಿಗೆ 32 ವರ್ಷ. ಅವರ ಮಗನ ಹೆಸರು ಯಿನ್‌ಹುವಾ: ‘ಯಿನ್’ ಅಂದರೆ ಭಾರತ, ‘ಹುವಾ’ ಅಂದರೆ ಚೀನಾ. ಈ ಪ್ರಬಂಧಕ್ಕೆ ಅವರು ನೇರ ಸಂಬಂಧಪಟ್ಟವರಲ್ಲ. ಆದರೂ ಅವರನ್ನು ನೆನೆಯದೆ ಸೊಲ್ಲಾಪುರದವನು ಚೀನಾದ ಮಾತು ಎತ್ತಬಾರದು.

೨. ಸೂರತ್ತಿನ ಬಟ್ಟಲು

ಹಸಿರು ಚಹಾ ಅಂದರೆ ತೂಕ ಇಳಿಸೋಕೆ ಈಚೆಗೆ ಪೇಟೆಗೆ ಬಂದ ಪುಡಿಚೀಲ ಅಂತ ನಮ್ಮಲ್ಲಿ ತಿಳಿದಿದ್ದಾರೆ. ದಾಖಲೆ ಬೇರೆಯೇ ಹೇಳುತ್ತದೆ. 1638ರಲ್ಲಿ ಸೂರತ್ತಿಗೆ ಬಂದ ಜರ್ಮನ್ ಪ್ರವಾಸಿ ಮಾಂಡೆಲ್‌ಸ್ಲೋ ಅಲ್ಲಿನ ಕೂಟಗಳಲ್ಲಿ ದಿನಾ ಚಹಾ ಕುಡಿಯುತ್ತಿದ್ದುದನ್ನು ಬರೆದಿದ್ದಾನೆ. 1689ರಲ್ಲಿ ಸೂರತ್ತಿನಲ್ಲಿದ್ದ ಪಾದ್ರಿ ಓವಿಂಗ್ಟನ್ ಇನ್ನೂ ವಿವರ ಕೊಡುತ್ತಾನೆ. ಬನಿಯಾ ವರ್ತಕರು ಚಹಾ ಕುಡಿಯುತ್ತಿದ್ದರು. ಕಲ್ಲುಸಕ್ಕರೆ ಹಾಕಿ ಕುಡಿಯುವುದು ರೂಢಿ, ಇನ್ನೂ ನಾಜೂಕಿನವರು ಸಕ್ಕರೆಯಲ್ಲಿ ಕೆಡದಂತಿಟ್ಟ ಸಣ್ಣ ನಿಂಬೆ ಹಾಕುತ್ತಿದ್ದರು. ತಲೆನೋವು, ಹೊಟ್ಟೆನೋವಿಗೆ ಖಾರದ ಮಸಾಲೆ ಸೇರಿಸಿ ಕುದಿಸುತ್ತಿದ್ದರು.

ಇಲ್ಲಿ ಒಂದು ಮಾತು ಗಮನಿಸಬೇಕು. ಅಸ್ಸಾಮಿನಲ್ಲಿ ತೋಟಗಳು ಶುರುವಾಗಿದ್ದು 1830ರ ದಶಕದಲ್ಲಿ. ಹಾಗಾದರೆ ಸೂರತ್ತಿನ ಬಟ್ಟಲಿನಲ್ಲಿದ್ದುದು ಚೀನಾದ ಎಲೆ. ಓವಿಂಗ್ಟನ್ ಹೆಸರಿಸುವ ಬಗೆಗಳಲ್ಲಿ ‘ಸಿಂಗ್ಲೋ’ ಒಂದು. ಅದು ಅನ್‌ಹುಯಿ ಪ್ರಾಂತದ ಸೊಂಗ್‌ಲುವೋ ಬೆಟ್ಟದ ಹಸಿರು ಚಹಾ. ಅಂದರೆ ಹಾಲು ಬರುವುದಕ್ಕೆ ಬಹಳ ಮೊದಲೇ ಪಶ್ಚಿಮ ಭಾರತದವರು ಚೀನಾದ ಎಲೆಯನ್ನು ತಮ್ಮದೇ ರೀತಿಯಲ್ಲಿ, ಮಸಾಲೆ ಹಾಕಿ, ಕುಡಿದಿದ್ದಾರೆ. ಸೂರತ್ತಿನಿಂದ ನಮ್ಮ ಊರಿಗೆ ಆಗ ಚಹಾ ಬಂದಿತ್ತು ಅಂತ ನಾನು ಹೇಳುತ್ತಿಲ್ಲ. ನಮ್ಮ ಕುದಿಸುವ ಪದ್ಧತಿ ಅಜ್ಞಾನದಿಂದ ಹುಟ್ಟಿದ್ದಲ್ಲ, ಅದಕ್ಕೂ ಮುನ್ನೂರು ವರ್ಷದ ವಂಶಾವಳಿ ಇದೆ ಅಂತ ಮಾತ್ರ ಹೇಳುತ್ತಿದ್ದೇನೆ.

೩. ‘ಶುದ್ಧ’ ರುಚಿ ಎಂದಿನಿಂದ?

ಈಗ ಆ ಕಡೆ ನೋಡೋಣ. ಚಹಾದ ಬಗ್ಗೆ ಮೊದಲ ಶಾಸ್ತ್ರಗ್ರಂಥ ಬರೆದವನು 8ನೇ ಶತಮಾನದ ಲು ಯು. ಗ್ರಂಥದ ಹೆಸರು ‘ಛಾ ಜಿಂಗ್’. ಅವನ ಕಾಲದ ಚಹಾ ನಾವು ಇಂದು ಕಾಣುವ ಬಿಡಿ ಎಲೆಯಲ್ಲ. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆ ಮಾಡಿ ಒಣಗಿಸುತ್ತಿದ್ದರು. ಕುಡಿಯುವಾಗ ಬಿಲ್ಲೆಯನ್ನು ಸುಟ್ಟು ಪುಡಿ ಮಾಡಿ, ಕುದಿಯುವ ನೀರಿಗೆ ಹಾಕಿ, ಚಿಟಿಕೆ ಉಪ್ಪು ಸೇರಿಸುತ್ತಿದ್ದರು. ಶುಂಠಿ, ಈರುಳ್ಳಿ, ಕಿತ್ತಳೆ ಸಿಪ್ಪೆ, ಪುದೀನ ಹಾಕಿ ಕುದಿಸುವವರನ್ನು ಲು ಯು ಬೈಯುತ್ತಾನೆ. ಅದು ಗಟಾರದ ನೀರು ಎಂಬ ಅರ್ಥದಲ್ಲಿ. ನಮ್ಮ ಶುಂಠಿ ಚಾ ಕುಡಿದಿದ್ದರೆ ಏನನ್ನುತ್ತಿದ್ದನೋ! ಆದರೆ ಅವನು ಬೈದದ್ದು ತನ್ನ ಊರಿನ ಜನರನ್ನೇ. ಅಂದರೆ ಚೀನಾದ ಜನಸಾಮಾನ್ಯರೂ ಆಗ ನಮ್ಮ ಹಾಗೇ ಕುಡಿಯುತ್ತಿದ್ದರು.

ಬಿಡಿ ಎಲೆಗೆ ಮೇಲುಗೈ ಸಿಕ್ಕಿದ್ದು ಮಿಂಗ್ ಕಾಲದಲ್ಲಿ. 1391ರಲ್ಲಿ ಹೊಂಗ್‌ವು ಚಕ್ರವರ್ತಿ ಅರಮನೆಗೆ ಕಪ್ಪವಾಗಿ ಬಿಲ್ಲೆ ಚಹಾ ಕೊಡುವುದನ್ನು ನಿಲ್ಲಿಸಿದ. ಅದನ್ನು ಮಾಡುವ ಶ್ರಮ ಜನರಿಗೆ ಹೊರೆ ಎನ್ನುವುದು ಕಾರಣ. ಎಲೆಯನ್ನು ಬಾಣಲೆಯಲ್ಲಿ ಹುರಿದು ಬಿಸಿನೀರಲ್ಲಿ ನೆನೆಹಾಕುವ ಪದ್ಧತಿ ಆಮೇಲೆ ಹರಡಿತು. ಇಂದು ‘ಸನಾತನ’ ಅನ್ನಿಸುವ ಹಸಿರು ಚಹಾದ ರುಚಿಯೂ ಹೀಗೆ ಒಂದು ಆಜ್ಞೆಯ, ಒಂದು ತಂತ್ರದ ಚರಿತ್ರೆಯಿಂದ ಬಂದದ್ದು.

ತಂತ್ರ ಸರಳ, ಕೈಚಳಕ ಕಷ್ಟ. ಕಿತ್ತ ಎಲೆ ಹಾಗೇ ಬಿಟ್ಟರೆ, ಹೆಚ್ಚಿಟ್ಟ ಬದನೆಕಾಯಿಯ ಹಾಗೆ ಕಪ್ಪಾಗುತ್ತದೆ. ಅದನ್ನು ತಡೆಯಲು ಬೇಗ ಕಾಯಿಸಬೇಕು. ಹಬೆಯಲ್ಲಿ ಕಾಯಿಸಿದರೆ ಸೊಪ್ಪಿನ, ಕಡಲಪಾಚಿಯ ರುಚಿ. ಜಪಾನಿನಲ್ಲಿ ಅದು ಉಳಿದಿದೆ. ಬಾಣಲೆಯಲ್ಲಿ ಹುರಿದರೆ ಹುರಿದ ಕಾಳಿನ ಪರಿಮಳ. ಲಾಂಗ್‌ಜಿಂಗ್ ಈ ಬಗೆಯದು. ಏಪ್ರಿಲ್ 5ರ ಸುಮಾರಿಗೆ ಬರುವ ಛಿಂಗ್‌ಮಿಂಗ್ ಹಬ್ಬಕ್ಕೆ ಮೊದಲು ಕಿತ್ತ ಕುಡಿಗೆ ಬೆಲೆ ಹೆಚ್ಚು. ಹಸಿರು ಚಹಾ, ಕಪ್ಪು ಚಹಾ ಬೇರೆ ಬೇರೆ ಗಿಡದವು ಅಂತ ಯುರೋಪಿನವರು ಬಹುಕಾಲ ನಂಬಿದ್ದರು. ಲಿನೇಯಸ್ ಎರಡಕ್ಕೂ ಬೇರೆ ಹೆಸರು ಕೊಟ್ಟಿದ್ದ. ಗಿಡ ಒಂದೇ ಅಂತ 1840ರ ದಶಕದಲ್ಲಿ ಚೀನಾ ಸುತ್ತಿದ ರಾಬರ್ಟ್ ಫಾರ್ಚೂನ್ ಬರೆದ. ರಫ್ತಿಗೆ ಹೋಗುವ ಹಸಿರು ಚಹಾಕ್ಕೆ ನೀಲಿ ಬಣ್ಣ ಮತ್ತು ಜಿಪ್ಸಮ್ ಪುಡಿ ಬೆರೆಸುವುದನ್ನೂ ಅವನೇ ಕಂಡ. ಎಲೆ ಎದ್ದು ಕಾಣುವಷ್ಟು ಹಸಿರಾಗಿರಬೇಕು ಅಂತ ಕೇಳಿದವರು ಪರದೇಶದ ಗಿರಾಕಿಗಳು. ಅವರೂ ಬಲ್ಲಿದರು ಅನ್ನಿಸಿಕೊಂಡವರೇ!

೪. ನಮ್ಮ ಕಪ್ಪು-ಬಸಿ

ಸೊಲ್ಲಾಪುರಕ್ಕೆ ರೈಲು ಬಂದದ್ದು 1860ರಲ್ಲಿ, ಮೊದಲ ಬಟ್ಟೆ ಗಿರಣಿ 1877ರಲ್ಲಿ. 1903ರಲ್ಲಿ ಟೀ ಸೆಸ್ ಕಾಯ್ದೆ ಬಂತು. ರಫ್ತಾಗುವ ಚಹಾದ ಮೇಲೆ ಎತ್ತಿದ ಆ ಹಣದಿಂದ ತೋಟದ ಮಾಲೀಕರು ಮುಂದೆ ರೈಲು ನಿಲ್ದಾಣ, ಗಿರಣಿ, ಗಣಿಗಳಲ್ಲಿ ಚಹಾ ಕುಡಿಸುವ ಪ್ರಚಾರ ನಡೆಸಿದರು. ರೈಲು, ಗಿರಣಿ ಎರಡೂ ಇದ್ದ ಊರು ನಮ್ಮದು. 1930ರಲ್ಲಿ ಅಸ್ಸಾಮಿನಲ್ಲಿ ಸಿಟಿಸಿ ಯಂತ್ರ ಬಂತು. ಎಲೆಯನ್ನು ಜಜ್ಜಿ, ಹರಿದು, ಉಂಡೆಗಟ್ಟಿಸುವ ಯಂತ್ರ. ಸ್ವಾತಂತ್ರ್ಯದ ನಂತರ ಅದು ಹರಡಿದ ಮೇಲೆ ಸ್ವಲ್ಪ ಪುಡಿಯಲ್ಲಿ ಕಡುಬಣ್ಣದ ಚಹಾ ಬಡವರ ಮನೆಗೂ ಸಿಕ್ಕಿತು.

ಇದನ್ನು ವಿರೋಧಿಸಿದವರೂ ಇದ್ದರು. 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದಾಗ ಗಾಂಧೀಜಿ ಆರೋಗ್ಯದ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲಿ ಚೀನಾದ ಚಹಾದ ಮಾತು ಬರುತ್ತದೆ. ಚೀನಾದಲ್ಲಿ ಕುಡಿಯುವ ನೀರನ್ನು ನಂಬುವ ಹಾಗಿಲ್ಲ. ನೀರು ಸರಿಯಾಗಿ ಕುದಿದಿದೆಯೇ ಅಂತ ನೋಡಲು ಯಾರೋ ಜಾಣರು ಈ ಎಲೆ ಕಂಡುಹಿಡಿದರು. ಕುದಿದ ನೀರನ್ನು ಎಲೆಯ ಮೇಲೆ ಸುರಿದರೆ ಹೊನ್ನಿನ ಬಣ್ಣ ಬರುತ್ತದೆ, ಅದರಿಂದ ಹಾನಿಯಿಲ್ಲ. ನಮ್ಮ ಹಾಗೆ ಎಲೆ ಕುದಿಸಿದರೆ ಮಾತ್ರ ಒಗರು ಇಳಿದು ಹೊಟ್ಟೆ ಕೆಡುತ್ತದೆ. ಇದು ಅವರ ವಾದ. ಚಹಾ ಹುಟ್ಟಿದ ಬಗ್ಗೆ ಅವರು ಹೇಳಿದ್ದು ಚರಿತ್ರೆ ಹೌದೋ ಅಲ್ಲವೋ, ನನಗೆ ಮುಖ್ಯವಾದದ್ದು ಅವರು ಚಹಾದ ಪ್ರಶ್ನೆಯನ್ನು ನೀರಿನ ಪ್ರಶ್ನೆ ಮಾಡಿದ್ದು.

೫. ನೀರು

ಲು ಯು ಕೂಡ ಅಲ್ಲೇ ಬರುತ್ತಾನೆ. ಬೆಟ್ಟದ ನೀರು ಉತ್ತಮ, ಹೊಳೆಯ ನೀರು ಮಧ್ಯಮ, ಬಾವಿಯ ನೀರು ಅಧಮ, ಇದು ಅವನ ಲೆಕ್ಕ. ಲಾಂಗ್‌ಜಿಂಗ್ ಎನ್ನುವ ಹೆಸರಿನ ಅರ್ಥವೇ ‘ಡ್ರ್ಯಾಗನ್ ಬಾವಿ’. ಎಲೆಗೆ ಹೆಸರು ಬಂದದ್ದು ನೀರಿನಿಂದ! ಆ ಚಹಾಕ್ಕೆ ಹಾಂಗ್‌ಝೌದ ಹೂಪಾವ್ ಚಿಲುಮೆಯ ನೀರೇ ಸರಿಜೋಡಿ ಅಂತ ಅಲ್ಲಿನವರು ಹೇಳುತ್ತಾರೆ.

ನಮ್ಮಲ್ಲಿ ಬೆಟ್ಟವೂ ಇಲ್ಲ, ತುಂಬಿ ಹರಿಯುವ ಹೊಳೆಯೂ ಇಲ್ಲ. ಕರಿಕಲ್ಲಿನ ಕೆಳಗಿಂದ ಎತ್ತಿದ ನೀರು, ಇಲ್ಲವೇ ಟ್ಯಾಂಕರ್. ಸುಣ್ಣದ ಅಂಶ ಹೆಚ್ಚಿರೋದರಿಂದ ಬೇಳೆ ಬೇಯೋದಿಲ್ಲ, ಸಾಬೂನು ನೊರೆ ಕೊಡೋದಿಲ್ಲ, ಪಾತ್ರೆಯ ತಳಕ್ಕೆ ಬಿಳಿ ಹೊಪ್ಪಳಿಕೆ ಕಟ್ಟುತ್ತದೆ. ನನ್ನ ಕಪ್ಪಿನ ಮೇಲೆ ಕಂಡ ಪೊರೆಗೂ ಇದೇ ಕಾರಣ: ನೀರಿನ ಸುಣ್ಣವೂ ಎಲೆಯ ಒಗರೂ ಗಾಳಿಗೆ ಕೂಡಿ ಅದನ್ನು ಕಟ್ಟುತ್ತವೆ. ಇಂಥ ನೀರಿನಲ್ಲಿ ನಾಜೂಕು ಎಲೆ ಸೋಲುತ್ತದೆ. ಗೆಲ್ಲೋದು ಕಡುಪುಡಿ, ಹಾಲು, ಬೆಲ್ಲ ಅಥವಾ ಸಕ್ಕರೆ, ಶುಂಠಿ. ನಮ್ಮ ಚಾ ಬಡ ನಾಲಿಗೆಯ ಗುರುತಲ್ಲ, ನಮ್ಮ ನೀರಿಗೆ ನಮ್ಮ ಹೆಣ್ಣುಮಕ್ಕಳು ಕೊಟ್ಟ ಉತ್ತರ. ಅದೊಂದೇ ಕಾರಣ ಅಂತ ಹೇಳೋದಿಲ್ಲ. ಬೆಲೆಯೂ ಪ್ರಚಾರವೂ ಇದ್ದವು. ಆದರೆ ಈ ಕಾರಣವನ್ನು ಬಿಟ್ಟು ರುಚಿಯ ಚರಿತ್ರೆ ಬರೆಯಲಾಗದು.

ಲು ಯು ಬಗ್ಗೆ 9ನೇ ಶತಮಾನದ ಒಂದು ಪುಸ್ತಕದಲ್ಲಿ ಹೀಗೊಂದು ಕತೆಯಿದೆ. ಅಧಿಕಾರಿಯೊಬ್ಬ ಯಾಂಗ್‌ತ್ಸೆ ನದಿಯ ನಡುಮಧ್ಯದ ನೀರು ತರಲು ಸಿಪಾಯಿಯನ್ನು ಕಳಿಸಿದ. ಲು ಯು ಸೌಟಿನಿಂದ ಎತ್ತಿ ನೋಡಿ, ಇದು ದಡದ ನೀರು ಅಂದ. ಅರ್ಧ ಚೆಲ್ಲಿಸಿ ಮತ್ತೆ ನೋಡಿ, ಇಲ್ಲಿಂದ ಕೆಳಗೆ ನಡುನೀರು ಅಂದ. ಸಿಪಾಯಿ ಬೆಚ್ಚಿಬಿದ್ದ, ದೋಣಿ ಅಲುಗಾಡಿ ಅರ್ಧ ಚೆಲ್ಲಿತ್ತು, ದಡದಲ್ಲಿ ತುಂಬಿಸಿದ್ದೆ ಅಂತ ಒಪ್ಪಿಕೊಂಡ.

ಇದನ್ನು ಓದಿದಾಗ ನನಗೆ ನೆನಪಾದವಳು ನಮ್ಮ ಆಯಿ. ಒಂದು ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಂತು. ಆಯಿ ಬೊಗಸೆಯಲ್ಲಿ ಹಿಡಿದು, ಬಾಯಲ್ಲಿ ಆಡಿಸಿ, ಉಗುಳಿ ಅಂದಳು: “ಎರಡ ನೀರ ಕೂಡ್ಯಾವ ತಮ್ಮಾ. ಒಂದ ಹಗರ ಐತಿ, ಒಂದ ಸವಳ ಐತಿ.” ವಿಚಾರಿಸಿದರೆ ನಿಜ, ಒಂದು ಬಾವಿಯಲ್ಲಿ ಕರೆಂಟ್ ಹೋಗಿ, ಉಳಿದದ್ದನ್ನು ಬೇರೆ ಬೋರಿನಲ್ಲಿ ತುಂಬಿಸಿದ್ದರು. ಒಬ್ಬನ ಮಾತು ಶಾಸ್ತ್ರವಾಯಿತು. ನಮ್ಮ ಆಯಿಯದು ಮುದುಕಿಯ ಗೊಣಗಾಟ ಅನ್ನಿಸಿಕೊಂಡಿತು.

೬. ಕೊನೆಯ ಮಾತು

ಈ ವರ್ಷ ಮೊದಲ ಮಳೆ ಹೋದ ಮೇಲೆ ಎರಡನೇ ಮಳೆಯ ನೀರು ಹಿಡಿದು, ಅರಿವೆಯಲ್ಲಿ ಸೋಸಿ, ಕುದಿಸಿ, ಸ್ವಲ್ಪ ಆರಿಸಿ, 3 ಗ್ರಾಂ ಎಲೆಗೆ 150 ಮಿಲಿಲೀಟರ್ ಹಾಕಿದೆ. ಗಾಜಿನ ಲೋಟದಲ್ಲಿ ಎಲೆ ನಿಧಾನಕ್ಕೆ ಬಿಚ್ಚಿಕೊಂಡವು. ಎಳೆ ಹಳದಿ ಹಸಿರು, ಹುರಿದ ಕಾಳಿನ ವಾಸನೆ. ಆಯಿಗೆ ಕೊಟ್ಟೆ, ಏನೂ ಹೇಳಲಿಲ್ಲ. ಎರಡು ಗುಟುಕು ಕುಡಿದು ಸುಮ್ಮನೆ ಕೂತು ಅಂದಳು: “ಮೊದಲ ಒಗರ, ಹಿಂದಿಂದ ಸಿಹಿ. ನೆಲ್ಲಿಕಾಯಿ ತಿಂದ ನೀರ ಕುಡದಂಗ.” ಚೀನಾದ ರಸಿಕರು ಇದಕ್ಕೆ ‘ಹುಯಿಗಾನ್’ ಅನ್ನುತ್ತಾರೆ, ಮರಳಿ ಬರುವ ಸಿಹಿ. ಆಯಿಗೆ ಆ ಶಬ್ದ ಗೊತ್ತಿಲ್ಲ, ರುಚಿ ಗೊತ್ತಿತ್ತು. ಬಸಿ ಕೆಳಗಿಟ್ಟು, “ಇನ್ನ ನಮ್ಮ ಚಾ ಮಾಡ” ಅಂದಳು.

ಈಗ ನಮ್ಮ ಮನೆಗಳಿಗೆ ಫಿಲ್ಟರ್ ನೀರಿನ ಜಾರು ಬರುತ್ತಿವೆ. ಬರಲೇಬೇಕು, ಆರೋಗ್ಯದ ಪ್ರಶ್ನೆ ಅದು. ಆದರೆ ಎಲ್ಲ ನೀರೂ ಒಂದೇ ಸಪ್ಪೆ ಆದ ಮೇಲೆ, ಯಾವ ಬಾವಿಯದು ಹಗುರ, ಯಾವುದು ಭಾರ, ಯಾವುದು ಬೇಳೆಗೆ, ಯಾವುದು ಚಾಕ್ಕೆ ಎನ್ನುವ ತಿಳಿವಳಿಕೆ ಒಂದು ತಲೆಮಾರಿನಲ್ಲಿ ಹೋಗುತ್ತದೆ. ಹಾಗಾಗಿ ಊರಿನ ಹಿರಿಯ ಹೆಣ್ಣುಮಕ್ಕಳಿಂದ ಈ ನೀರಿನ ಮಾತುಗಳನ್ನು ಬರೆದುಕೊಳ್ಳೋಕೆ ಶುರು ಮಾಡಿದ್ದೇನೆ. ನಂದೇಶ್ವರದಿಂದ ಅಕ್ಕಲಕೋಟೆಯವರೆಗಿನ ಗಡಿನಾಡಿನ ಗೆಳೆಯರು ತಮ್ಮ ಊರಿನಲ್ಲೂ ಇದನ್ನು ಮಾಡಿದರೆ ನಮಗೊಂದು ನೀರಿನ ಶಬ್ದಕೋಶ ಸಿಗುತ್ತದೆ. ನಾಲಿಗೆಗೆ ತಿಳಿಯೋದಿಲ್ಲ ಅಂದ ಮಿತ್ರರಿಗೆ ನನ್ನ ಉತ್ತರ ಇಷ್ಟೇ. ನಮಗೆ ಕೊರತೆ ಇದ್ದದ್ದು ನೀರಿನದು, ನಾಲಿಗೆಯದಲ್ಲ.

ಪ್ರಶ್ನೆಗಳಿದ್ದರೆ ಕೇಳಬಹುದು.